ಡೀಸೆಲ್ ಗಾಡಿಯಲ್ಲಿ ನಾಲ್ಕು ಬೀದಿ

ನನ್ನ ಮಗಳು ಮನೆಮನೆಗೆ ಹೋಗಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾಳೆ. ದೊಡ್ಡ ರಿಪೇರಿಯಾದರೆ ಯಂತ್ರವನ್ನೇ ಸ್ಕೂಟರಿಗೆ ಕಟ್ಟಿ ತರುವುದು. ಹೋದ ತಿಂಗಳು ಯಂತ್ರದ ಸಮೇತ ಬಿದ್ದಳು. ಇನ್ನು ಕಾರು ಬರಬೇಕು, ಇಲ್ಲವೇ ಕೆಲಸ ಬಿಡಬೇಕು ಎನ್ನುವ ಹಾಗಾಯಿತು.

ಡಿಕ್ಕಿ ಸೊಂಟದೆತ್ತರಕ್ಕಿದ್ದರೆ ಬಗ್ಗಿ ಎತ್ತುವುದು ತಪ್ಪುತ್ತದೆಂದು, ಹಳೆಯದೊಂದು ಸಣ್ಣ ಎಸ್‌ಯುವಿ ನೋಡಲು ಮಗಳು, ಅವಳಪ್ಪ, ನಾನು ಮೂವರೂ ಹೋದೆವು. ದಲ್ಲಾಳಿಯ ಅಂಗಳದಲ್ಲಿ ಒಂದೇ ಮಾದರಿಯವು ಎರಡಿದ್ದವು. ಬಿಳಿಯದು ಪೆಟ್ರೋಲ್, ಬೂದಿ ಬಣ್ಣದ್ದು ಡೀಸೆಲ್.

"ಡೀಸೆಲ್ಲೇ" ಎಂದರು ನಮ್ಮ ಯಜಮಾನರು. ಆಯುಷ್ಯವೆಲ್ಲ ಲಾರಿ ಓಡಿಸಿ, ಕಿವಿಯನ್ನು ಅದರ ಸದ್ದಿಗೇ ಕೊಟ್ಟು, ಅರ್ಧ ಕಿವುಡಾಗಿ ಬಂದವರು.

"ಅಪ್ಪಾ, ನಾನು ಓಡಾಡೋದು ಇಲ್ಲೇ ಸುತ್ತಮುತ್ತ. ಮೆಕ್ಯಾನಿಕ್ ಪೆಟ್ರೋಲ್ ಸಾಕು ಅಂದ."

"ಅವನು ನಿನ್ನೆ ಹುಟ್ಟಿದವನು!"

ಮಗಳು ನನ್ನ ಮುಖ ನೋಡಿದಳು. ಅಪ್ಪನ ಮಾತು ತೆಗೆದುಹಾಕಲು ಅವಳಿಗೆ ಬಾಯಿ ಬಾರದು. ವಾದಕ್ಕಿಳಿದರೆ ಇವರು ಉಡದ ಪಟ್ಟು ಹಿಡಿಯುತ್ತಾರೆಂದು ನನಗೂ ಗೊತ್ತು.

"ಜಗಳ ಯಾಕೆ? ಅವಳ ದಿನದ ಸುತ್ತು ಹಾಕಿ ನೋಡೋಣ" ಎಂದೆ. ದಲ್ಲಾಳಿ ಬೀಗದ ಕೈ ಕೊಟ್ಟ.

ಮಗಳು ಡೀಸೆಲ್ ಗಾಡಿ ಚಾಲೂ ಮಾಡಿದಳು. ಇವರದೊಂದು ಹಳೆಯ ಕಟ್ಟಳೆ: ಎಂಜಿನ್ ಬಿಸಿಯಾಗದೆ ಗಾಡಿ ಕದಲಿಸಕೂಡದು.

"ತಾಳು, ಬಿಸಿ ತೋರಿಸೋ ಮುಳ್ಳು ಏಳಲಿ."

ಕಾದೆವು. ಹೊರಟು ಮುಂದಿನ ಬೀದಿಯ ದರ್ಜಿಯಂಗಡಿ ಮುಟ್ಟಿದೆವು. ಮಗಳು ಎಣ್ಣೆ ಹಾಕಿ, ಸೂಜಿ ಬದಲಿಸಿ ಬರುವಷ್ಟರಲ್ಲಿ ಎಂಜಿನ್ ಮತ್ತೆ ತಣ್ಣಗಾಗಿತ್ತು.

"ತಾಳು."

ಮತ್ತೆ ಕಾದೆವು. ಮೂರನೆಯ ಬೀದಿಯಲ್ಲೂ ಅದೇ ಪಾಡು. ಪಕ್ಕದಲ್ಲಿ ಊರುಗೋಲು ಹಿಡಿದ ಅಜ್ಜಿಯೊಬ್ಬಳು ನಮ್ಮನ್ನು ದಾಟಿ ಹೋದಳು.

"ನೋಡ್ರೀ, ಅಜ್ಜಿ ಮುಂದೆ ಹೋದ್ಲು" ಎಂದೆ.

"ಅವಳ ಎಂಜಿನ್ ಬಿಸಿ ಇರಬೇಕು" ಎಂದು ಇವರೇ ನಕ್ಕುಬಿಟ್ಟರು.

ನಾಲ್ಕನೆಯ ಬೀದಿಯಲ್ಲಿ ಇವರು ಇಳಿದು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿದರು. ಲಾರಿಯನ್ನೂ ಹೀಗೇ ಮುಟ್ಟಿ ನೋಡುತ್ತಿದ್ದರು.

"ಪಾಪ, ಇದು ದೂರ ಓಡೋ ಜೀವ ಕಣಮ್ಮ. ನಿನ್ನ ಬೀದಿಗಳಲ್ಲಿ ಇದಕ್ಕೆ ಮೈ ಬಿಸಿಯೇ ಆಗಲ್ಲ. ಹೊಗೆಯ ಮಸಿ ಒಳಗೇ ಕಟ್ಟಿ ಕಾಯಿಲೆ ಬೀಳುತ್ತೆ. ನಡಿ, ಆ ಬಿಳಿಯದನ್ನೇ ನೋಡೋಣ."

ಪೆಟ್ರೋಲ್ ಗಾಡಿ ಮನೆಗೆ ಬಂತು. ಮರುದಿನ ಬೆಳಿಗ್ಗೆ ಮಗಳು ಯಂತ್ರವನ್ನು ಬಗ್ಗದೆ ಡಿಕ್ಕಿಗೆ ಸರಿಸಿದಳು. ಇವರು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಸದ್ದೇ ಇಲ್ವಲ್ಲೇ ಇದಕ್ಕೆ!"

"ಇದ್ದಿದ್ರೆ ಕೇಳ್ತಿತ್ತಾ ನಿಮಗೆ?" ಎಂದೆ.

ಅದೂ ಕೇಳಿಸಲಿಲ್ಲ. ಮಗಳ ಕಡೆ ತಿರುಗಿ, "ಕಾಯಬೇಡ, ಹೊರಡು" ಎಂದರು.