ಏಳನೆಯ ಸೆನ್ಸರ್‌ನ ಹೆಜ್ಜೆ

ಇರುವೆ ನಡೆದರೆ ಅದು ಯಾವ ಕಾಲು ಮೊದಲಿಟ್ಟಿತೆಂದು ಹೇಳುವ ಯಂತ್ರ ಹೂಳಬಲ್ಲವನು ಭೂಮಂಡಲದಲ್ಲಿ ನಾನೊಬ್ಬನೇ. ನಾನು ಗುಂಡಿ ತೋಡಿದರೆ ಪಾತಾಳದವರು ಸೂರು ಸೋರುತ್ತದೆಂದು ದೂರು ಕೊಡುತ್ತಾರೆ.

ಗೋದಾಮಿನ ಹಿಂದಿನ ಗುಡ್ಡದ ಕಾಲುದಾರಿಯಲ್ಲಿ, ಕಳ್ಳರ ಹೆಜ್ಜೆಯ ಅದುರು ಹಿಡಿಯಲು ಏಳು ಸೆನ್ಸರ್ ಹೂತವನೂ ನಾನೇ. ಹೂತ ಪ್ರತಿಯೊಂದರ ಮೇಲೂ ಯಾರಾದರೂ ನಡೆದು ಪರೀಕ್ಷಿಸಬೇಕು. ಕಚೇರಿಯ ಪರದೆಯಲ್ಲಿ ಗೆರೆ ಕುಣಿಯಬೇಕು. ನಡೆದವರು ಅಲ್ಲಿಯ ಕಾವಲುಗಾರ, ನನ್ನ ಭಾವ. ಎಡಗಾಲು ಎಳೆಯುತ್ತಿದ್ದರು. ಒಂದು ಟಕ್, ಒಂದು ಸರ್ರ್. ದಿನಾ ನಾಲ್ಕಕ್ಕೆ ಅವರ ಕಾವಲು ಸುತ್ತು ಕೊನೆಯ ಏಳನೆಯದನ್ನು ದಾಟಿ ರಸ್ತೆಗಿಳಿದು ಮುಗಿಯುತ್ತಿತ್ತು.

ಭಾವ ಅದೇ ಗುಡ್ಡದ ಹಳ್ಳಕ್ಕೆ ಬಿದ್ದು ತೀರಿಕೊಂಡು ತಿಂಗಳಾಗಿತ್ತು. ಆದರೂ ದಿನಾ ನಾಲ್ಕು ಗಂಟೆಗೆ ಏಳನೆಯ ಗೆರೆ ಕುಣಿಯುತ್ತಿತ್ತು. ಸ್ಪೀಕರಿನಲ್ಲಿ ಟಕ್, ಸರ್ರ್. ಹಾಡುಹಗಲು, ಕಿಟಕಿಯಿಂದ ನೋಡಿದರೆ ದಾರಿ ಖಾಲಿ, ಹುಲ್ಲೂ ಅಲುಗುತ್ತಿರಲಿಲ್ಲ. “ಸತ್ತವರೂ ನನ್ನ ಸೆನ್ಸರ್‌ಗೆ ಹಾಜರಿ ಹಾಕ್ತಾರೆ” ಎಂದು ಕಂಡಕಂಡಲ್ಲಿ ಕೊಚ್ಚಿಕೊಂಡೆ. ಮಾತು ಅಕ್ಕನ ಕಿವಿಗೆ ಬಿತ್ತು.

ಅಂದಿನಿಂದ ಅಕ್ಕ ದಿನಾ ಬಂದು ಸ್ಪೀಕರಿಗೆ ಕಿವಿಗೊಟ್ಟು ಕೂರತೊಡಗಿದಳು. ಹೆಜ್ಜೆ ನಿಂತ ಮೇಲೂ ಏಳುತ್ತಿರಲಿಲ್ಲ. ಮನೆಯಲ್ಲಿ ಮಗಳು ಹಸಿದು ಮಲಗುತ್ತಿದ್ದಳು.

“ಅವ್ರಿನ್ನೂ ಮನೆ ದಾರಿ ಹುಡುಕ್ತಿದಾರೆ ಕಣೋ. ಆ ಮಣ್ಣು ಮುಟ್ಟಿ ಕರೀತೀನಿ. ಏಳನೇದು ಎಲ್ಲಿದೆ, ತೋರ್ಸು.”

“ಮುಟ್ಟಿದ್ರೆ ಹತ್ತೂರಿನ ಪೊಲೀಸ್ರು ಓಡಿ ಬರ್ತಾರಕ್ಕಾ!”

“ಬರ್ಲಿ. ನಿನ್ನ ಬಡಾಯಿ ಸಾಕು, ಹಾರೆ ತಗೊ.”

ಕೊನೆಗೆ ಗುಡ್ಡದಲ್ಲಿ ಹಾರೆ ಹಿಡಿದವಳು ಅವಳೇ. ಏಳನೆಯ ಗುರುತುಗಲ್ಲನ್ನು ಮೀಟಿ ಅಗೆದಳು. ಗೇಣುದ್ದ ಮಣ್ಣು, ಕೆಳಗೆ ಬಂಡೆ. ತಂತಿಯಿಲ್ಲ, ಡಬ್ಬಿಯಿಲ್ಲ. ಅಷ್ಟರಲ್ಲಿ ನನ್ನ ಸೊಂಟದ ವಾಕಿಟಾಕಿ ಗೊರಗುಟ್ಟಿತು. ಕಚೇರಿಯಲ್ಲಿ ಪರದೆ ನೋಡುವವನ ದನಿ: “ನಾಲ್ಕಾಯ್ತು ಕಣಯ್ಯಾ, ನಿಮ್ಮ ಭಾವ ಏಳನೇದ್ರ ಮೇಲೆ ನಡೀತಿದಾರೆ!”

ಅಕ್ಕ ಬರಿಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಇಲ್ಲೇನೂ ಇಲ್ವಲ್ಲೋ. ಮತ್ತೆ ನಡೀತಿರೋದು ಯಾರು?”

ಹೇಳಿಬಿಟ್ಟೆ. ಬಂಡೆ ಒಡೆಯಲು ಮೈಗಳ್ಳತನ, ಏಳನೆಯದನ್ನು ಹೂಳಿರಲೇ ಇಲ್ಲ. ಆರನೆಯದರ ಮೇಲೆ ಭಾವ ಪರೀಕ್ಷೆಗೆ ನಡೆದ ಸದ್ದನ್ನೇ ಏಳನೆಯದೆಂದು ಯಂತ್ರಕ್ಕೆ ತುಂಬಿ, ಅವರ ಸುತ್ತು ಮುಗಿಯುವ ಹೊತ್ತಿಗೆ ದಿನಾ ಓಡುವಂತೆ ಮಾಡಿದ್ದೆ.

“ಹಾಗಾದ್ರೆ ಅವ್ರು ಬಿದ್ದ ದಿನ?”

“ಅವತ್ತೂ ಓಡ್ತು ಅಕ್ಕಾ. ಕೊನೇ ಸೆನ್ಸರ್ ದಾಟಿ ರಸ್ತೆಗಿಳಿದಿದಾರೆ ಅಂತ ಎಲ್ರೂ ಎರಡು ದಿನ ರಸ್ತೆ ಕಡೆನೇ ಹುಡುಕಿದ್ರು. ಭಾವ ಇಲ್ಲೇ ಹಳ್ಳದಲ್ಲಿ ಜೀವ ಹಿಡ್ಕೊಂಡಿದ್ರು. ಆ ಹೆಜ್ಜೆ ಸುಳ್ಳು ಅಂತ ನನಗೊಬ್ಬನಿಗೆ ಗೊತ್ತಿತ್ತು. ಕೆಲಸ ಹೋಗತ್ತೆ ಅಂತ ಬಾಯಿ ಬಿಡಲಿಲ್ಲ.”