ಫಕ್ಕೀರಪ್ಪನ ಒಳ್ಳೆಯ ವರ್ಷಗಳು

ಆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಒಬ್ಬ ಮನುಷ್ಯ ಕಣ್ಣು ಮುಚ್ಚಿ, ಎಡಗೈಯನ್ನು ಕಿವಿಯ ಮೇಲಿಟ್ಟು ನಿಂತಿದ್ದ. ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ದೂರದಿಂದ ಯಾರೋ ಕರೆದದ್ದು ಸರಿಯಾಗಿ ಕೇಳಿಸದೆ, ಇನ್ನೊಮ್ಮೆ ಕರೆದಾರೆಂದು ಕಾಯುವವನಂತೆ ಕಾಣುತ್ತಿದ್ದ. ಹಾಡುಗಾರ ಫಕ್ಕೀರಪ್ಪನನ್ನು ನಾನು ಮೊದಲು ಕಂಡದ್ದು ಹಾಗೆ.

ನನ್ನ ಗಂಡ ಕಾಮಾಲೆಯಾಗಿ ತೀರಿಕೊಂಡ ವರ್ಷ ಅದು. ನೆಂಟರೆಲ್ಲ ಚದುರಿದ ಮೇಲೆ ಮನೆಯಲ್ಲಿ ನಾನು ಮತ್ತು ಹೊಲಿಗೆ ಯಂತ್ರ ಉಳಿದೆವು. ರವಿಕೆಯ ಬಟ್ಟೆ ಕತ್ತರಿಸಿಟ್ಟರೆ ಹೊಲಿಯಲು ಕೈ ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಎದುರಿನ ಹಿಟ್ಟಿನ ಗಿರಣಿ ನಿಂತಿತ್ತು. ಅಲ್ಲಿ ಯಾರೋ ಬ್ಯಾಟರಿಯ ಟೇಪಿನಲ್ಲಿ ಹಾಡು ಹಚ್ಚಿದರು. ಒಂದು ಏಕತಾರಿ, ಒಂದು ದಮ್ಮಡಿ, ಒಂದು ಒಡಕು ಗಂಟಲು. 'ಬಾಗಿಲ ಹಾಕಬ್ಯಾಡ, ಬರುವವರು ಅದಾರ.' ನಾನು ಎದ್ದು ಹೋಗಿ ಹೊಸ್ತಿಲ ಮೇಲೆ ಕುಳಿತೆ. ಗಂಡ ಸತ್ತ ಮೇಲೆ ಮೊದಲ ಸಲ ಸರಿಯಾಗಿ ಅತ್ತೆ. ಸಂಜೆ ಎರಡು ರವಿಕೆ ಹೊಲಿದೆ.

ಹಾಡಿದವನ ಹೆಸರು ಕೇಳಿಕೊಂಡು ಆ ಕ್ಯಾಸೆಟ್ಟು ತಂದೆ. ಅಂದಿನಿಂದ ಫಕ್ಕೀರಪ್ಪನದು ಬಂದಾಗಲೆಲ್ಲ ಕೊಂಡೆ. ಎರಡನೆಯದು ಪರವಾಗಿಲ್ಲ ಎನ್ನುವಂತಿತ್ತು. ಮೂರನೆಯದರ ಹೊದಿಕೆಯಲ್ಲಿ ಅವನು ಕಪ್ಪು ಕನ್ನಡಕ ಹಾಕಿ ಹಲ್ಲು ಕಿರಿದಿದ್ದ, ಕಿವಿಯ ಮೇಲಿನ ಕೈ ಸೊಂಟಕ್ಕೆ ಇಳಿದಿತ್ತು. ಒಳಗೆ ಕೀಬೋರ್ಡು, ಸೀಟಿ, 'ಕೋಳಿ ಕದ್ದ ಭಾವ' ಎಂಬ ಹಾಡು. ಅದು ಟ್ರ್ಯಾಕ್ಟರುಗಳಲ್ಲಿ, ಬಸ್ಸುಗಳಲ್ಲಿ ವರ್ಷಗಟ್ಟಲೆ ಮೊಳಗಿತು. ಆಮೇಲೆ ಚುನಾವಣೆಗೆ ನಿಂತವರ ಮೇಲೆ ಪದ ಕಟ್ಟಿದ. ಹೊಸದು ಬಂದಾಗಲೆಲ್ಲ ಆಸೆಯಿಂದ ಹಾಕುತ್ತಿದ್ದೆ, ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ತೀರ ನಮ್ಮವರೊಬ್ಬರು ದಾರಿ ತಪ್ಪಿದ ಹಾಗೆ ಸಂಕಟವಾಗುತ್ತಿತ್ತು.

ಒಮ್ಮೆ ಒಂದು ಮದುವೆಯಲ್ಲಿ ಅವನು ಹಾಡಲು ಬಂದಿದ್ದ. ಧೈರ್ಯ ಮಾಡಿ ಹತ್ತಿರ ಹೋದೆ. "ಅಣ್ಣಾರ, ಬಾಗಿಲ ಹಾಡು ಒಂದ್ ಹಾಡ್ರಿ."

ಅವನ ಮುಖ ಒಂದು ಗಳಿಗೆ ಖಾಲಿಯಾಯಿತು. "ಮದುವಿ ಮನ್ಯಾಗ ಅದು ಬ್ಯಾಡಕ್ಕಾ. ನಿಮ್ಮ ಊಟ ಆತ?" ಎಂದು ಮೈಕಿನತ್ತ ತಿರುಗಿದ. ಅಹಂಕಾರ ಎಂದುಕೊಂಡು ಮನೆಗೆ ಬಂದೆ.

ಎಷ್ಟೋ ಕಾಲದ ಮೇಲೆ, ನಾನು ಆಸೆ ಬಿಟ್ಟಿದ್ದಾಗ, ಅವನ ಇನ್ನೊಂದು ಹಾಡು ಬಂತು. ಒಲೆಯ ಬೂದಿಯ ಮೇಲೆ ಕಟ್ಟಿದ ಪದ. ಬರೀ ಏಕತಾರಿ. ಅದೇ ಹಳೆಯ ಗಂಟಲು. ಅವನು ತಿರುಗಿ ಬಂದ ಎಂದು ಕುಣಿದಾಡುವಷ್ಟು ಸಂತೋಷಪಟ್ಟೆ. ಆದರೆ ಮುಂದಿನದು ಮತ್ತೆ ಜೊಳ್ಳು. ಆಮೇಲೆ ಏನೂ ಬರಲಿಲ್ಲ.

ಅವನಿಗೆ ಕಾಯಿಲೆಯೆಂದು ತಿಳಿದು, ವಿಳಾಸ ಕೇಳಿಕೊಂಡು ನೋಡಲು ಹೋದೆ. ಮಗಳು ಶಾರವ್ವನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಒರಗಿದ್ದ. ಮದುವೆಯ ಮಾತು ಅವನಿಗೆ ನೆನಪಿರಲಿಲ್ಲ.

"ನಮ್ಮ ಮನಿಯವ್ರು ತೀರಿಕೊಂಡ ವರ್ಷದಿಂದ ನಿಮ್ಮವು ಎಲ್ಲಾ ಕ್ಯಾಸೆಟ್ ನನ್ನ ಹತ್ರ ಅದಾವ್ರಿ," ಎಂದೆ.

"ಎಲ್ಲಾನೂ? ಕೆಟ್ಟವೂ ತಗೊಂಡ್ರೇನು?" ಎಂದು ನಕ್ಕ.

ಆ ನಗುವಿಗೆ ನನ್ನೊಳಗೆ ಕೂತಿದ್ದ ಮಾತು ಹೊರಬಂತು. "ಮೊದಲಿನಂಗ ಯಾಕ ಹಾಡಲಿಲ್ರಿ? ಕೈಲಾಗದಾವ್ರು ಅಲ್ಲ ನೀವು."

ಅವನು ಬಾಗಿಲ ಕಡೆ ನೋಡಿದ. "ನಮಗ ಒಬ್ಬ ಮಗ ಇದ್ದ, ಬಸಣ್ಣ. ಬಾವ್ಯಾಗ ಈಸಾಕ ಹೋದಾಂವ ಹೊಳ್ಳಿ ಬರಲಿಲ್ಲ. ಅವತ್ತಿಂದ ನನ್ನ ಹೇಣ್ತಿ ನೀಲವ್ವ ಮನಿ ಬಾಗ್ಲಾ ಹಾಕಗೊಡವಲ್ಲಳು. ನಾಯಿ ಹೊಗತಾವ ಅಂದ್ರೂ ಕೇಳವಲ್ಲಳು. 'ಬರಾಂವ ಅದಾನ' ಅನ್ನಾಕಿ. ಅದನ್ನ ನಾ ಪದಾ ಕಟ್ಟಿದೆ. ಮಂದಿ ತತ್ವಪದ ಅಂದ್ರು."

ಒಂದು ಗುಟುಕು ನೀರು ಕುಡಿದು ಮುಂದುವರಿಸಿದ.

"ಆ ಹಾಡು ಊರೂರು ತಿರುಗಿತು. ಮನ್ಯಾಗ ಆಕಿ ಮಾತು ಬಿಟ್ಟಳು. ಒಂದಿನ ಸುಮ್ಮ ಆಟಕ್ಕ ಆ ಕೋಳಿ ಹಾಡು ಕಟ್ಟಿ ಹಾಡಿದೆ. ರೊಟ್ಟಿ ಬಡಿಯಾಕತ್ತಿದ್ದಳು. ನಕ್ಕಬಿಟ್ಟಳು. ಅವತ್ತ ತಾನ ಎದ್ದು ಬಾಗ್ಲಾ ಹಾಕಿದಳು." ಕೆಮ್ಮು ಬಂತು. ಕೆಮ್ಮಿ ಮುಗಿಸಿ ಹೇಳಿದ: "ಹಾಡು ಕೆಟ್ಟದ್ದು, ನನಗೂ ಗೊತ್ತೈತಿ. ನಾ ಮತ್ತೇನ ಹಾಡಬೇಕಿತ್ತು, ನೀವ ಹೇಳ್ರಿ."

"ಬೂದಿ ಪದ?"

"ಅದು ನೀಲವ್ವ ಹೋದ ಮ್ಯಾಲೆ."

ಕೊನೆಯದೊಂದು ಬಿಟ್ಟರೆ, ನಾನು ಅರ್ಧಕ್ಕೇ ನಿಲ್ಲಿಸಿದ ಹಾಡುಗಳೆಲ್ಲ ಆ ಮನೆಯಲ್ಲಿ ನಗು ಇದ್ದ ಕಾಲದವು. ಆ ಕಾಲವೆಲ್ಲ ನಾನು, ಅವನ ಹಳೆಯ ದನಿ ತಿರುಗಿ ಬರಲೆಂದು ಹರಕೆ ಹೊತ್ತವಳ ಹಾಗೆ ಕಾಯುತ್ತಿದ್ದೆ. ಅದು ಬರಬೇಕಾದರೆ ಏನಾಗಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಆ ಹಾಡುಗಳು ಇಂದಿಗೂ ನನಗೆ ಹಿಡಿಸುವುದಿಲ್ಲ. ಆದರೂ ಅಂದು ನನಗೆ ಕಣ್ಣೆತ್ತಿ ಅವನನ್ನು ನೋಡಲಾಗಲಿಲ್ಲ.

"ನಿಮ್ಮ ಮನಿಯವ್ರು ಹೆಂಗಿದ್ರವ್ವಾ?" ಎಂದು ಅವನೇ ಕೇಳಿದ.

ಹೇಗೆ ಸತ್ತರೆಂದು ಎಲ್ಲರೂ ಕೇಳಿದ್ದರು, ಹೇಗಿದ್ದರೆಂದು ಯಾರೂ ಕೇಳಿರಲಿಲ್ಲ. ಹಲ್ಲಿ ಕಂಡರೆ ಹೆದರುತ್ತಿದ್ದರು ಎಂದೆ. ಮದುವೆಯಾದ ಹೊಸದರಲ್ಲಿ ನಮ್ಮ ತವರಿನಲ್ಲಿ ಊಟಕ್ಕೆ ಕೂತಾಗ ಹಲ್ಲಿ ಬಿದ್ದು, ಹೊಸ ಅಳಿಯ ಹೋಳಿಗೆಯ ತಾಟಿನ ಸಮೇತ ಮಾವನ ಮಂಚ ಹತ್ತಿ ನಿಂತದ್ದನ್ನು ಹೇಳಿದೆ. ಫಕ್ಕೀರಪ್ಪ ಎದೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಒಳಗಿನಿಂದ ಶಾರವ್ವ ಒದ್ದೆ ಕೈಯಲ್ಲೇ ಬಂದು, ಏನಾಯಿತೋ ಎಂದು ನಮ್ಮಿಬ್ಬರನ್ನೂ ನೋಡುತ್ತ ನಿಂತಳು.

ಹಾಡೆಂದು ನಾನು ಕೇಳಲಿಲ್ಲ. ಶಾರವ್ವ ಬಸ್ಸಿನವರೆಗೆ ಬಂದು, ಹಿತ್ತಲಿನ ಪೇರಲ ಹಣ್ಣುಗಳನ್ನು ನನ್ನ ಚೀಲಕ್ಕೆ ಹಾಕಿದಳು. ಊರು ದಾಟುವಷ್ಟರಲ್ಲಿ ಬಸ್ಸಿನ ತುಂಬ ಅವುಗಳ ವಾಸನೆ ಹರಡಿತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕಡೆ ನೋಡಿದಳು. ಒಂದನ್ನು ಮುರಿದು ಅವಳಿಗೆ ಅರ್ಧ ಕೊಟ್ಟೆ. ಹೊರಗೆ ಇನ್ನೂ ಹಸಿರಾಗಿದ್ದ ಹಣ್ಣು ಒಳಗೆ ಕೆಂಪಗಿತ್ತು.