ಮಷಿನ್ ಕಾಜದ ಅಂಗಿ

ಗಂಡನ ಐದನೆಯ ಅಂಗಿಯನ್ನೂ ಇವಳು ಮಂಚದ ಮೇಲೆ ಎಸೆದಳು. ಅದರಲ್ಲೂ ಆ ಕಾಜದವಳದೇ ಕೈಕೆಲಸ.

“ಅತ್ತಿಗೆ, ಹೊತ್ತಾಯ್ತು. ಯಾವ್ದೋ ಒಂದು ಕೊಡಿ, ಅಣ್ಣಂಗೆ ಹಾಕಿ ಹೊರಡಿಸ್ಬೇಕು,” ಬಾಗಿಲಲ್ಲಿ ನಿಂತ ನಾದಿನಿ ಅಂದಳು.

“ಯಾವ್ದೋ ಒಂದು ಯಾಕೆ? ನಾನಿನ್ನೂ ಬದುಕಿದೀನಿ.”

ಗಂಡ ಟೈಲರು. ತನ್ನ ಅಂಗಿಗಳನ್ನು ತಾನೇ ಹೊಲಿದುಕೊಳ್ಳುತ್ತಿದ್ದ. ಗುಂಡಿ ತೂರುವ ಕಾಜಗಳನ್ನು ಮಾತ್ರ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸು ಕೈಯಲ್ಲಿ ಹೊಲಿಯುತ್ತಿದ್ದಳು. ಹದಿನಾರು ವರ್ಷ ಇಬ್ಬರೂ ಒಂದೇ ಕಟಿಂಗ್ ಮೇಜಿನಲ್ಲಿ ಡಬ್ಬಿ ಬಿಚ್ಚಿ ಮಧ್ಯಾಹ್ನದ ಊಟ ಮಾಡಿದವರು. ಅದಕ್ಕಿಂತ ಹೆಚ್ಚೇನೂ ಇರಲಿಲ್ಲವೆಂದು ಬೀದಿಗೆಲ್ಲ ಗೊತ್ತು. ಇವಳಿಗೂ ಗೊತ್ತು. ಆದರೆ ಹೊಟ್ಟೆ ಕೇಳಿಕೊಂಡು ಉರಿಯುತ್ತದೆಯೇ? ಈಗ ಆಕೆ ಹೊರಗಿನ ಕೋಣೆಯಲ್ಲಿ ಅವನ ಶವದ ಪಕ್ಕ ಕೂತು ಅಳುತ್ತಿದ್ದಳು, ಅದೂ ಇವಳಿಗಿಂತ ಜೋರಾಗಿ.

*

ಹನ್ನೆರಡು ದಿನದ ಹಿಂದೆ ಗಂಡ ರಕ್ತ ಕಾರಿಕೊಂಡಿದ್ದ. ಲಿವರ್ ಕೆಟ್ಟು ಅನ್ನನಾಳದೊಳಗಿನ ನರಗಳು ಉಬ್ಬಿ ಒಡೆದಿವೆ ಎಂದ ಡಾಕ್ಟರು, ಬಾಯಿಂದ ಕೊಳವೆ ಇಳಿಸಿ ಅವಕ್ಕೆ ರಬ್ಬರ್ ಬ್ಯಾಂಡು ಬಿಗಿದರು. ಮನೆಗೆ ಕಳಿಸುವಾಗ ಐದು ಮಾತ್ರೆ ಕೊಟ್ಟರು. “ಸೋಂಕು ಆಗ್ಬಾರ್ದು. ದಿನಾ ಮಧ್ಯಾಹ್ನ ಊಟ ಆದ್ಮೇಲೆ ಒಂದು. ತಪ್ಪಿಸ್ಬೇಡಿ.”

ಮಾತ್ರೆಯೆಂದರೆ ಮಾರು ದೂರ ಓಡುವ ಆಸಾಮಿ. ನಾಳೆಯಿಂದಲೇ ಅಂಗಡಿಗೆ ಹೋಗುತ್ತೇನೆಂದು ಬೇರೆ ಹಟ ಹಿಡಿದಿದ್ದ.

“ಹಂಗಾದ್ರೆ ಊಟದ ಜೊತೆಯವಳೇ ಮಾತ್ರೆನೂ ಕೊಡ್ಲಿ. ನನ್ನ ಕೈ ಯಾಕೆ ಬೇಕು ನಿಮಗೆ,” ಎಂದು ಇವಳು ಮುಖ ತಿರುಗಿಸಿದಳು. ಅವನು ನಕ್ಕು ಮಾತ್ರೆಯ ಸ್ಟ್ರಿಪ್ಪನ್ನು ತೊಟ್ಟಿದ್ದ ಅಂಗಿಯ ಜೇಬಿಗಿಳಿಸಿದ.

ಆಮೇಲೆ ಒಂದು ದಿನವೂ ಇವಳು ಕೇಳಲಿಲ್ಲ. ಆರನೆಯ ದಿನ ನಡುಗಿಸುವ ಜ್ವರ ಬಂತು. ರಕ್ತಕ್ಕೆ ನಂಜೇರಿದೆ ಎಂದರು.

*

ಬಾಗಿಲ ಹಿಂದಿನ ಮೊಳೆಯಲ್ಲಿ ಕೊನೆಗೂ ಒಂದು ಅಂಗಿ ಸಿಕ್ಕಿತು. ಆಸ್ಪತ್ರೆಯಿಂದ ಕರೆತರುವ ದಿನ ಇವಳೇ ಕೊಂಡು ತೊಡಿಸಿದ್ದ ರೆಡಿಮೇಡ್ ಅಂಗಿ. ಕಾಜವೆಲ್ಲ ಮಷಿನ್ನಿನದು. ಇವಳಿಗೆ ಗೆದ್ದಂತಾಯಿತು. ಅದನ್ನು ನಾದಿನಿಯ ಕೈಗಿಟ್ಟು ಹೊರಗೆ ಬಂದವಳು ಕಾಜದವಳ ಮುಂದೆ ನಿಂತಳು.

“ಮಧ್ಯಾಹ್ನದ ಮಾತ್ರೆ ಸರಿಯಾಗಿ ಕೊಟ್ಯಾ? ನಿನ್ನ ನಂಬಿ ಬಿಟ್ಟಿದ್ದೆ.”

“ನಾನಾ? ಇಲ್ಲಕ್ಕ.” ಆಕೆ ಅಳು ನಿಲ್ಲಿಸಿದಳು. “ದಿನಾ ಕೇಳ್ತಿದ್ದೆ. ಬೆಳಿಗ್ಗೆನೇ ಹೆಂಡ್ತಿ ಮನೇಲಿ ನುಂಗಿಸಿ ಕಳಿಸ್ತಾಳೆ, ನಿನ್ನ ಕೈಗೆ ಬಿಟ್ಟಾಳಾ ಅಂತ ನಗ್ತಿದ್ರು.”

ಹಿಂದೆಯೇ ಬಂದ ನಾದಿನಿ ತೊಡಿಸಲು ಅಂಗಿ ಕೊಡವಿದಳು. ಜೇಬಿನಿಂದ ಮಾತ್ರೆಯ ಸ್ಟ್ರಿಪ್ಪು ಜಾರಿ ಇಬ್ಬರ ನಡುವೆ ಬಿತ್ತು. ಐದೂ ಮಾತ್ರೆ ಹಾಗೇ ಇದ್ದವು.

ಕಾಜದವಳು ಕೈ ಚಾಚಿದಳು. ಅಷ್ಟರಲ್ಲಿ ಇವಳು ಬಗ್ಗಿ ಅದನ್ನು ಎತ್ತಿಕೊಂಡು ಮುಷ್ಟಿ ಬಿಗಿದಳು.

“ಇದು ನಂದು,” ಅಂದಳು.